ಲಕ್ಷ್ಯ ಎಲ್ಲಿತ್ತಪ್ಪಾ ಡ್ರೈವರಾ?

ಗಾಡಿ ಓಡಿಸುವವನಿಗೆ ದೇವರು ಎರಡು ಕಣ್ಣು ಕೊಟ್ಟದ್ದು ರಸ್ತೆ ನೋಡಲಿ ಅಂತ. ಆದರೆ ನಮ್ಮ ಕಡೆ ಮನುಷ್ಯ ಒಮ್ಮೆ ಸ್ಟೇರಿಂಗ್ ಹಿಡಿದನೆಂದರೆ ರಸ್ತೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡುತ್ತಾನೆ. ನಾನು ಕರಿಕೋಟು ಹಾಕಿದ ದಿನದಿಂದ ಇದು ನಡೆಯುತ್ತಲೇ ಬಂದಿದೆ. ನಿಲ್ಲುವ ಲಕ್ಷಣ ಈಗಲೂ ಇಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಬಸವಕಲ್ಯಾಣದಲ್ಲಿ ವಕೀಲಿ ಆರಂಭಿಸಿದೆ. ಹುಮನಾಬಾದಿನ ಕೋರ್ಟಿಗೂ ಹೋಗಿಬರುವುದಿತ್ತು. ಹೊಲದ ತಕರಾರು, ಅಣ್ಣತಮ್ಮಂದಿರ ಪಾಲು, ಇಂಥ ತೂಕದ ಕೇಸುಗಳೆಲ್ಲ ಹಿರಿಯ ವಕೀಲರ ಟೇಬಲ್ಲಿಗೆ ಹೋಗುತ್ತಿದ್ದವು. ನನ್ನಂಥ ಹೊಸಬನಿಗೆ ಉಳಿಯುತ್ತಿದ್ದದ್ದು ಗಾಡಿ ಗುದ್ದಿದ ಕೇಸುಗಳು. ಪೊಲೀಸರು ಎಲ್ಲದಕ್ಕೂ ಒಂದೇ ಮಾತು ಬರೆಯುತ್ತಿದ್ದರು: 'ಅತಿವೇಗ ಮತ್ತು ನಿಷ್ಕಾಳಜಿತನದಿಂದ'. ಆ ನಿಷ್ಕಾಳಜಿತನದ ಹೊಟ್ಟೆಯೊಳಗೆ ಏನೇನಿತ್ತು ಅನ್ನುವುದು ಕಕ್ಷಿದಾರ ನನ್ನೆದುರು ಕೂತು, ಒಂದು ಕಪ್ ಚಹಾ ಕುಡಿದು, ಬಾಯಿ ಬಿಟ್ಟಾಗಲೇ ಗೊತ್ತಾಗುತ್ತಿತ್ತು. ಈಗ ಆ ರಸ್ತೆ ಅಗಲವಾಗಿದೆ, ಆ ಜೀಪುಗಳಿಲ್ಲ, ಆ ಮಂದಿಯಲ್ಲಿ ಎಷ್ಟೋ ಜನ ಇಲ್ಲ. ಅವರ ಮಾತು ಮಾತ್ರ ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ.

ಹಿರಿಯರ ಮಾರಿ

ಆಗ ಹುಮನಾಬಾದಿಗೂ ಬಸವಕಲ್ಯಾಣಕ್ಕೂ ಬಸ್ಸಿಗಿಂತ ಜೀಪುಗಳೇ ಹೆಚ್ಚು. ಒಳಗೆ ಹಿಡಿಸುವಷ್ಟು ಮಂದಿಯನ್ನು ತುಂಬಿ, ಹಿಡಿಸದಷ್ಟು ಮಂದಿಯನ್ನು ಹೊರಗೆ ಜೋತುಬೀಳಿಸಿಕೊಂಡು ಹೊರಡುತ್ತಿದ್ದವು. ನಾನು ದಿನಾಲು ಹತ್ತುತ್ತಿದ್ದ ಜೀಪಿನ ಡ್ರೈವರ್ ಭಾರೀ ಸಭ್ಯಸ್ಥ. ಬೀಡಿ ಇಲ್ಲ, ಬೈಗುಳ ಇಲ್ಲ. ಅವನಲ್ಲಿ ಇದ್ದ ಐಬು ಒಂದೇ. ಹಿಂದಿನ ಸೀಟಿನಿಂದ ಯಾರಾದರೂ ಮಾತಾಡಿಸಿದರೆ ಪೂರ್ತಿ ಹಿಂದಕ್ಕೆ ತಿರುಗಿ, ಅವರ ಮಾರಿ, ಅಂದರೆ ಮುಖ, ನೋಡಿಯೇ ಜವಾಬು ಕೊಡುತ್ತಿದ್ದ. ಅದಕ್ಕೇ ಗೊತ್ತಿದ್ದವರೆಲ್ಲ ಆ ಜೀಪಿನಲ್ಲಿ ಮೌನವ್ರತ ಮಾಡುತ್ತಿದ್ದೆವು.

ಒಂದು ದಿನ ಈ ಐಬು ಗೊತ್ತಿಲ್ಲದ ಒಬ್ಬ ಮುದುಕರು, ಅವನ ಊರಿನವರೇ, ಹಿಂದೆ ಕೂತರು. ನನ್ನ ನಸೀಬು ಚಲೋ ಇತ್ತು, ಅವತ್ತು ನಾನು ಆ ಜೀಪಿನಲ್ಲಿರಲಿಲ್ಲ. ರಾಜೇಶ್ವರ ಊರು ದಾಟಿದ ಮೇಲೆ ಮುದುಕರು ಕೇಳಿದರಂತೆ, "ಏನ್ ತಮ್ಮಾ, ನಿನ್ನ ತಂಗಿ ಲಗ್ನ ಆಯ್ತೇನು?"

ತಂಗಿಯ ಲಗ್ನವೆಂದರೆ ಒಂದೇ ಮಾತಿನಲ್ಲಿ ಮುಗಿಯುವ ವಿಷಯವೇ? ಇವನು ತಿರುಗಿದ. ಬಂದ ವರ, ಬಿಟ್ಟುಹೋದ ವರ, ಎಲ್ಲ ಹೇಳಿದ. ಹೇಳಿ ಮುಗಿಸುವುದರೊಳಗೆ ಜೀಪು ರಸ್ತೆ ಇಳಿದು, ಒಡ್ಡು ಹಾರಿ, ಆಳೆತ್ತರದ ತೊಗರಿ ಹೊಲದ ನಡುವೆ ಹೋಗಿ ನಿಂತಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಏನಾಗಲಿಲ್ಲ. ಜೋತುಬಿದ್ದವರಲ್ಲಿ ಒಬ್ಬನ ಹಲ್ಲು ಹೋಯಿತು, ಮೋರಖಂಡಿಯ ಒಬ್ಬ ಹೆಣ್ಣುಮಗಳ ಉಪ್ಪಿನಕಾಯಿ ಭರಣಿ ಒಡೆಯಿತು. ಹೊಲದ ಮಾಲಕ ಬಡಿಗೆ ಹಿಡಿದು ಓಡಿಬಂದ. ಕೇಸಾಯಿತು, ನನ್ನ ಕೈಗೆ ಬಂತು.

ಆಗ ಇದ್ದ ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು. ಶಾಂತ ಮನುಷ್ಯ. "ರಸ್ತೆ ನೋಡೋದು ಬಿಟ್ಟು ಹಿಂದಕ್ಕೆ ಯಾಕೆ ತಿರುಗಿದೆಯಪ್ಪಾ?" ಅಂತ ಕೇಳಿದರು.

"ಹಿರ್ಯಾರ ಮಾರಿ ನೋಡಲಾರದೆ ಜವಾಬು ಕೊಡಬಾರ್ದು ಅಂತ ನಮ್ಮವ್ವ ಕಲಿಸ್ಯಾಳ್ರಿ ಸಾಹೇಬ್ರ."

"ಒಳ್ಳೆಯದು. ಈಗ ಮಾತಾಡಿಸ್ತಾ ಇರೋದು ನಾನು. ನೀನು ಯಾಕೆ ಕಿಟಕಿ ಕಡೆ ನೋಡ್ತಾ ಇದ್ದೀಯ?"

"ಹೊರಗ ಜೀಪು ನಿಂದ್ರಿಸೀನ್ರಿ. ಯಾರರೆ ಗುದ್ದಿ ಹೋದ್ರಂದ್ರ? ಲಕ್ಷ ಎಲ್ಲಾ ಅದರ ಮ್ಯಾಲೇ ಅದರಿ."

"ಈ ಲಕ್ಷ್ಯ ಒಳಗೆ ಕೂತು ಓಡಿಸೋವಾಗ ಇರಬಾರದೇನಯ್ಯಾ?"

"ಒಳಗ ಕೂತ್ರ ಜೀಪು ಎಲ್ಲಿ ಕಾಣಸ್ತದ್ರಿ ಸಾಹೇಬ್ರ? ಮಂದೀನೇ ಕಾಣಸ್ತಾರ!"

ಕೋರ್ಟು ಏಳುವತನಕ

ಮೋರಖಂಡಿ ಕಡೆಯ ಒಬ್ಬ ರೈತ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಟಿದ್ದ. ಕಬ್ಬಿನ ಹಂಗಾಮು, ರಾತ್ರಿಯಿಡೀ ಕಡಿದು ತುಂಬಿದ್ದ, ಮುಂಜಾನೆ ಉಂಡಿರಲಿಲ್ಲ. ಹಸಿವಾಯಿತು. ಹಿಂದೆ ಟ್ರೇಲರಿನ ತುಂಬ ತಿನ್ನುವ ವಸ್ತುವೇ ಇರುವಾಗ ಹಸಿದು ಕೂಡುವುದು ಯಾಕೆ? ಒಂದು ಗಳ ಎಳೆದುಕೊಂಡ. ಕಬ್ಬನ್ನು ಹಲ್ಲಿನಿಂದ ಸುಲಿಯಬೇಕಾದರೆ ಎರಡೂ ಕೈ ಬೇಕು. ಸ್ಟೇರಿಂಗನ್ನು ಮೊಳಕಾಲಿಗೆ ಒಪ್ಪಿಸಿದ. ಊರೊಳಗೆ ಬಂದಾಗ ಹಿಪ್ಪೆ ಉಗುಳಲೆಂದು ಬಲಕ್ಕೆ ಬಾಗಿದ. ಮೊಳಕಾಲು ಎಡಕ್ಕೆ ಹೋಯಿತು. ಟ್ರ್ಯಾಕ್ಟರು ರಸ್ತೆಬದಿಯ ಪಾನ್ ಡಬ್ಬಿಯಂಗಡಿಗೆ ಹೋಗಿ ಮುತ್ತಿಟ್ಟಿತು.

ಡಬ್ಬಿ ಅಡ್ಡಬಿತ್ತು. ಒಳಗೆ ಕೂತಿದ್ದ ಪಾನ್‌ವಾಲಾನೂ ಅದರ ಜೊತೆಗೇ ಮಲಗಿದ. ಜನ ಎಳೆದು ಹೊರತೆಗೆದಾಗ ತಲೆಯಿಂದ ಎದೆಯವರೆಗೆ ಕೆಂಪೋ ಕೆಂಪು. ಹೆಂಗಸರು ಚೀರಿದರು. ನಾಲ್ಕು ಮಂದಿ ಅವನನ್ನು ಹೊತ್ತುಕೊಂಡು ದವಾಖಾನೆಗೆ ಓಡಿದರು. "ನಾ ಚಲೋ ಅದೀನ್ರೋ, ಇಳಸ್ರೋ" ಅಂತ ಅವನು ಒದರಿದರೆ, "ಪಾಪ, ಸಾಯೋ ಮುಂದ ಹಾಂಗೇ ಬಡಬಡಸ್ತಾರ" ಅಂದರು. ಡಾಕ್ಟರು ಒದ್ದೆ ಅರಿವೆಯಿಂದ ಒರೆಸಿ, ಮೂಸಿ ನೋಡಿ, "ಇದು ರಕ್ತ ಅಲ್ಲ, ಪಾನಿನ ಕಾಚು" ಅಂದರಂತೆ. ಮೊಳಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಗಿರಾಕಿಯೊಬ್ಬ ಡಬ್ಬಿಯ ಮುಂದೆ ನಿಂತಿದ್ದರೆ ಡಾಕ್ಟರಿಗೆ ಮೂಸಿ ನೋಡುವ ಕೆಲಸ ಇರುತ್ತಿರಲಿಲ್ಲ.

ರೈತ ನ್ಯಾಯವಂತ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಜುಲ್ಮಾನೆ ಹಾಕಿ, ಮೇಲೆ 'ಕೋರ್ಟು ಏಳುವತನಕ ಸಾದಾ ಶಿಕ್ಷೆ' ಅಂದರು. ಅಂದರೆ ಸಾಹೇಬರು ಸಂಜೆ ಕೆಲಸ ಮುಗಿಸಿ ಎದ್ದುಹೋಗುವತನಕ ಅಲ್ಲೇ ಮೂಲೆಯಲ್ಲಿ ಕೂತಿರಬೇಕು, ಅಷ್ಟೇ. "ಕೋರ್ಟ್ ಏಳೋತನ ಕುಂದರು, ಆಮ್ಯಾಲೆ ಮನಿಗಿ ಹೋಗು" ಅಂತ ಹೇಳಿ ನಾನು ನನ್ನ ಆಫೀಸಿಗೆ ಬಂದೆ.

ಹೊತ್ತು ಮುಳುಗುವಾಗ ಕೋರ್ಟಿನ ಜವಾನ ಬಂದ. "ವಕೀಲ ಸಾಹೇಬ್ರ, ನಿಮ್ಮ ಮನಷಾ ಏಳವಲ್ಲ ನೋಡ್ರಿ. ಬಾಗಲಾ ಹಾಕಬೇಕು ನಾ."

ಹೋಗಿ ನೋಡಿದರೆ ಅವನು ಮೂಲೆಯಲ್ಲಿ ಕೈಕಟ್ಟಿ ಕೂತಿದ್ದಾನೆ.

"ಯಾಕೋ ಮಾರಾಯಾ, ಕೋರ್ಟ್ ಯಾವಾಗೋ ಎದ್ದದ, ಹೋಗು."

ಅವನು ತಲೆ ಎತ್ತಿ ಛಾವಣಿ ನೋಡಿದ, ಸುತ್ತಲಿನ ದಪ್ಪ ಗೋಡೆಗಳನ್ನು ನೋಡಿದ. "ಎಲ್ಲಿ ಎದ್ದದ್ರಿ? ಸಾಹೇಬ್ರು ಎದ್ರು, ಗುಮಾಸ್ತರು ಎದ್ರು, ನೀವೂ ಎದ್ದು ಹೋದ್ರಿ. ಕೋರ್ಟು ಇದ್ದಲ್ಲೇ ಅದಲ್ರಿ! ನಿಜಾಮನ ಕಾಲದ ಗ್ವಾಡಿ ಇವು. ಇವು ಯಾವಾಗ ಎದ್ದಾವು, ನಾ ಯಾವಾಗ ಕಬ್ಬು ಹಾಕಿ ಬರ್ಲಿ?"

ಪೆನ್ಸಿಲ್ಲು ಮತ್ತು ಕ್ಯಾಸೆಟ್ಟು

ಇದು ನನಗೆ ಭಾಳ ಹಿಡಿಸಿದ ಕೇಸು.

ಬೇಮಳಖೇಡದ ಒಬ್ಬ ಲಾರಿ ಡ್ರೈವರ್. ಹೈದರಾಬಾದ್–ಮುಂಬಯಿ ಲೈನಿನ ಮೇಲೆ ಓಡುತ್ತಿದ್ದ. ಹುಮನಾಬಾದಿನ ಹತ್ತಿರ ಒಂದು ಚಹಾದ ಹೋಟೆಲಿನ ಮುಂದಿನ ತಗಡಿನ ಚಪ್ಪರವನ್ನೂ ಬಾಕನ್ನೂ ಲಾರಿ ಕೆಡವಿಹಾಕಿತ್ತು. ಬಾಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಒಬ್ಬ ಗಿರಾಕಿಯ ಕೈಮೂಳೆ ಮುರಿಯಿತು. ಕೈಮುರಿದದ್ದರಿಂದ ಕೇಸು ಗಟ್ಟಿಯೇ ಆಗಿತ್ತು, ಜೈಲೂ ಆಗಬಹುದಿತ್ತು. ಪೊಲೀಸರು ಲಾರಿಯಲ್ಲಿ ಸಿಕ್ಕ ಒಂದು ಕ್ಯಾಸೆಟ್ಟನ್ನು ಮುದ್ದೆಮಾಲು, ಅಂದರೆ ಸಾಕ್ಷಿಯ ಸಾಮಾನು, ಅಂತ ಜಪ್ತಿ ಮಾಡಿದ್ದರು. 'ಜೋರಾಗಿ ಹಾಡು ಹಚ್ಚಿಕೊಂಡು' ಅಂತ ಅವರ ವರದಿ.

ನನ್ನ ಮುಂದೆ ಡ್ರೈವರ್ ತಲೆತಗ್ಗಿಸಿ ಕೂತ. "ಅದರಾಗ ಹಾಡಿಲ್ರಿ ಸಾಹೇಬ್ರ."

"ಮತ್ತೇನದ?"

"ನಮ್ಮ ಮನಿಯಾಕೀದು ದನಿ ಅದರಿ."

ಆಗ ಹಳ್ಳಿಯಲ್ಲಿ ಫೋನೆಲ್ಲಿತ್ತು? ಹೆಂಡತಿಗೆ ಓದು ಬರಹ ಬಾರದು. ಗಂಡ ಮನೆ ಬಿಟ್ಟರೆ ವಾರಗಟ್ಟಲೆ ಸುದ್ದಿಯಿಲ್ಲ. ಅದಕ್ಕೆ ಆಕೆ ಪಕ್ಕದ ಮನೆಯವರ ಟೇಪ್ ರೆಕಾರ್ಡರ್ ಕೇಳಿ ತಂದು, ಹೇಳಬೇಕಾದ್ದನ್ನೆಲ್ಲ ಒಂದು ಕ್ಯಾಸೆಟ್ಟಿನಲ್ಲಿ ತುಂಬಿ ಅವನ ಚೀಲದಲ್ಲಿ ಇಟ್ಟಿದ್ದಳು. ಇವನು ಅದನ್ನು ಹಚ್ಚಿ ಹಚ್ಚಿ ಸವೆಸಿದ್ದ. ಅವತ್ತು ರೀಲು ಸಿಕ್ಕಿಹಾಕಿಕೊಂಡಿತು. ಹೊರಗೆಳೆದ. ರೀಲು ಕರುಳಿನ ಹಾಗೆ ಜೋತುಬಿತ್ತು. ಮನೆಯಾಕೆಯ ದನಿ ಎಲ್ಲಿ ಹರಿದುಹೋಗುತ್ತದೋ ಅಂತ ಗಾಬರಿಯಾಗಿ, ಲಾರಿ ಓಡುತ್ತಿರುವಾಗಲೇ ಕ್ಯಾಸೆಟ್ಟಿನ ತೂತಿನಲ್ಲಿ ಪೆನ್ಸಿಲ್ಲು ತೂರಿಸಿ ಎರಡೂ ಕೈಯಿಂದ ಸುತ್ತತೊಡಗಿದ. ತಲೆಯೆತ್ತುವಷ್ಟರಲ್ಲಿ ಹೋಟೆಲು ಎದುರಿಗೇ ಇತ್ತು.

"ಕೋರ್ಟಿನ್ಯಾಗ ಅದು ಹಚ್ಚಲಾರದಂಗ ಮಾಡ್ರಿ, ಮಂದಿ ಮುಂದ ಶರಮ್ ಆಗ್ತದ" ಅಂತ ಕೈಮುಗಿದ. ನಾನು ಆಕ್ಷೇಪ ಎತ್ತಿದೆ. ಸರ್ಕಾರಿ ವಕೀಲರು ಬಿಡಲಿಲ್ಲ. "ಯಾವ ಹಾಡು, ಎಷ್ಟು ಜೋರು ಅಂಬೋದು ಕೋರ್ಟಿಗೆ ತಿಳೀಲಿ" ಅಂದರು. ಗುಮಾಸ್ತರ ಮನೆಯಿಂದ ಟೇಪ್ ರೆಕಾರ್ಡರ್ ಬಂತು. ಕೋರ್ಟು ತುಂಬ ಜನ. ಹಿಂದಿನ ಬಾಗಿಲ ಹತ್ತಿರ ಡ್ರೈವರನ ಹೆಂಡತಿ ಸೆರಗು ಮುಂದಕ್ಕೆಳೆದುಕೊಂಡು ನಿಂತಿದ್ದಳು.

ಮೊದಲು ಒಂದು ಆಡು ಒದರಿತು. ಒಂದು ಕೂಸು ಅತ್ತಿತು. ಆಮೇಲೆ ಹೆಣ್ಣುಮಗಳ ದನಿ:

"ಏನ್ರಿ, ನಾ ಮಾತಾಡಾಕತ್ತೀನಿ. ಮೊದಲ್ ಗಾಡಿ ಬಾಜೂಕ ನಿಂದ್ರಸ್ರಿ. ಓಡಿಸ್ಕೋತ ಕೇಳಬ್ಯಾಡ್ರಿ. ನಿಂದ್ರಸೋತನ ನಾ ಮುಂದಿಂದು ಹೇಳೋದಿಲ್ಲ."

ಅಷ್ಟೇ. ದನಿ ನಿಂತಿತು. ಟೇಪು ಸುಮ್ಮನೆ ಸರ್ ಅಂತ ತಿರುಗುತ್ತಿದೆ. ಆಕೆ ನಿಜವಾಗಿಯೂ ಕಾಯುತ್ತಿದ್ದಾಳೆ! ಕೋರ್ಟೆಲ್ಲ ಆಕೆಯ ಜೊತೆ ಕಾಯಿತು. ಮ್ಯಾಜಿಸ್ಟ್ರೇಟರೂ ಪೆನ್ನು ಕೆಳಗಿಟ್ಟು ಕಾದರು. ಎಷ್ಟೋ ಹೊತ್ತಿನ ಮೇಲೆ ದನಿ ಬಂತು:

"ಹ್ಞಾಂ. ನಿಂದ್ರಿಸೀರಿ ಅಂತ ನಂಬ್ತೀನಿ ನಾ."

ಡ್ರೈವರ್ ಕಟಕಟೆಯಲ್ಲಿ ನಿಂತು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಬಂದ್ ಮಾಡ್ರಿ ಸಾಹೇಬ್ರ. ತಪ್ಪು ನಂದೇ ಅದ" ಅಂದ. ಮ್ಯಾಜಿಸ್ಟ್ರೇಟರು, "ಆಕೆ ನಿನಗಾಗಿ ಅಷ್ಟು ಹೊತ್ತು ಕಾದಳು. ಒಂದು ನಿಮಿಷ ಗಾಡಿ ನಿಲ್ಲಿಸೋದಕ್ಕೆ ನಿನ್ನ ಕೈಲಿ ಆಗಲಿಲ್ವಾ?" ಅಂದರು. ಜೈಲು ತಪ್ಪಿತು. ಜುಲ್ಮಾನೆ ಬಿತ್ತು, ಕೈಮುರಿದವನಿಗೆ ದವಾಖಾನೆಯ ಖರ್ಚು ಕೊಡಬೇಕಾಯಿತು, ಕೆಲವು ತಿಂಗಳು ಲೈಸೆನ್ಸೂ ಹೋಯಿತು.

ಆ ತಿಂಗಳುಗಳಲ್ಲಿ ಅವನು ಊರಲ್ಲೇ ಇದ್ದ. ಒಂದು ದಿನ ಹೆಂಡತಿ ನನ್ನ ಆಫೀಸಿಗೆ ಬಂದಳು.

"ಅಣ್ಣಾರ, ಆ ಕ್ಯಾಸೆಟ್ ವಾಪಸ್ ಕೊಡಸ್ರಿ."

"ಯಾಕ್ ತಂಗಿ? ಈಗ ಅಂವ ಮನ್ಯಾಗೇ ಕುಂತಾನಲ್ಲ. ಎದುರಿಗೇ ಹೇಳಬಹುದಲ್ಲ?"

"ಎದುರಿಗಿ ಹೇಳಿದ್ರ ಕೇಳೋದಿಲ್ರಿ ಅವ್ರು. ಕ್ಯಾಸೆಟ್‌ನ್ಯಾಗ ಹೇಳಿದ್ರಷ್ಟೇ ಕೇಳ್ತಾರ!"

ಸೊಟ್ಟ ಕುತ್ತಿಗೆ

ಎರಡು ಸಾವಿರದ ಇಸವಿ ದಾಟಿದ ಮೇಲೆ ಮೊಬೈಲು ಬಂತು. ಸ್ಕೂಟರಿನವರೆಲ್ಲ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ತಲೆ ಓರೆ ಮಾಡಿಕೊಂಡು ತಿರುಗತೊಡಗಿದರು. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲುತ್ತಿದ್ದ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್‌ಗೆ ದೂರದ ಕಣ್ಣು ಮಂದ. ಫೋನು ಕಾಣುತ್ತಿರಲಿಲ್ಲ, ಓರೆಯಾದ ಕುತ್ತಿಗೆ ಕಾಣುತ್ತಿತ್ತು. ಕುತ್ತಿಗೆ ಸೊಟ್ಟ ಇದ್ದವರನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದ.

ಹಾಗೆ ಒಂದು ದಿನ ಹತ್ತಿರದ ಹುಡಗಿ ಅನ್ನುವ ಊರಿನ ಒಬ್ಬ ಕಿರಾಣಿ ಅಂಗಡಿಯವರನ್ನು ಹಿಡಿದ. ಪಾಪ, ಅವರಿಗೆ ಖರೇನೇ ಕುತ್ತಿಗೆ ಉಳುಕಿತ್ತು. ಕಾನ್‌ಸ್ಟೇಬಲ್ ಅವರ ಟೋಪಿ ತೆಗೆಸಿ, ಕಿವಿಯ ಹಿಂದೆ ಹುಡುಕಿ, ಏನೂ ಸಿಗದೆ ಸಲಾಮು ಹೊಡೆದು ಬಿಟ್ಟ. ಈ ಸುದ್ದಿ ಊರೆಲ್ಲ ಹಬ್ಬಿತು. ಆಮೇಲೆ ಸಿಕ್ಕಿಬಿದ್ದವರೆಲ್ಲರಿಗೂ ಕುತ್ತಿಗೆ ಉಳುಕತೊಡಗಿತು.

ಒಬ್ಬ ಮಾಸ್ತರರು ಸಿಕ್ಕಿಬಿದ್ದರು. ಸ್ಕೂಟರಿನ ಮುಂದೆ ಮಗಳು ನಿಂತಿದ್ದಾಳೆ, ಹಿಂದೆ ಅಕ್ಕಿಚೀಲ, ಕಿವಿಗೆ ಫೋನು. ಫೋನನ್ನು ಝಟ್ಟನೆ ಅಂಗಿಯ ಜೇಬಿಗೆ ಬಿಟ್ಟು, ತಲೆಯನ್ನು ಮಾತ್ರ ಹಾಗೇ ಓರೆ ಇಟ್ಟುಕೊಂಡು, "ಕುತ್ತಿಗಿ ಉಳುಕ್ಯಾದ್ರಿ ಹವಾಲ್ದಾರ್ರ, ಮುಂಜಾನಿಂದ ಹಿಂಗೇ ಅದ" ಅಂದರು.

ಜೇಬಿನೊಳಗಿಂದ ಮಾಸ್ತರರ ಹೆಂಡತಿಯ ದನಿ ಬಂತು: "ಅಯ್ಯ, ಯಾವಾಗ ಉಳುಕಿತ್ರಿ? ಮುಂಜಾನಿ ಚಲೋ ಇತ್ತಲ್ಲ!"

ಪ್ರಚಾರದ ಆಟೋ

ಆ ಹೊತ್ತಿಗೆ ಅಪಘಾತಗಳು ಹೆಚ್ಚಾಗಿ, ಬಸವಕಲ್ಯಾಣದ ನಾವು ಕೆಲವು ವಕೀಲರು ಸೇರಿ ಜನರಿಗೆ ಕಾನೂನು ತಿಳಿಸಬೇಕೆಂದು ನಿರ್ಧರಿಸಿದೆವು. ಒಂದು ಆಟೋಕ್ಕೆ ಮೈಕು ಕಟ್ಟಿಸಿ ಊರೆಲ್ಲ ಸಾರಿಸುವುದು ಅಂತಾಯಿತು. ಸಾರಬೇಕಾದ ಮಜಕೂರು ನಾವೇ ಬರೆದೆವು. ಓದಲು ಒಬ್ಬ ಕಾಲೇಜು ಹುಡುಗ ಬರಬೇಕಿತ್ತು. ಅವತ್ತು ಅವನು ಬರಲಿಲ್ಲ. ಆಟೋದವನು ಗಟ್ಟಿ ದನಿಯ ಮನುಷ್ಯ, ಉತ್ಸಾಹಿ. ನಮಗೆ ಒಂದು ಮಾತು ತಿಳಿಸದೆ, "ಅದರಾಗೇನದ, ನಾನೇ ಓದ್ತೀನಿ" ಅಂತ ಹೊರಟುಬಿಟ್ಟಿದ್ದ. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ಲು. ಕಾಗದವನ್ನು ಎದುರಿನ ಗಾಜಿಗೆ ಅಂಟಿಸಿಕೊಂಡಿದ್ದ, ಸರಿಯಾಗಿ ರಸ್ತೆ ಕಾಣುವ ಜಾಗದಲ್ಲಿ.

ನಾವು ಕೋರ್ಟಿನ ಅಂಗಳದಲ್ಲಿ ಚಹಾ ಕುಡಿಯುತ್ತಾ ನಮ್ಮದೇ ಮಜಕೂರನ್ನು ಹೆಮ್ಮೆಯಿಂದ ಕೇಳುತ್ತಿದ್ದೆವು.

"ಮಹಾಜನಗಳೇ! ವಾಹನ ಚಲಾಯಿಸುವಾಗ ನಿಮ್ಮ ಸಂಪೂರ್ಣ ಗಮನ ರಸ್ತೆಯ ಮೇಲೆಯೇ ಇರಲಿ! ಮಾತನಾಡಬೇಡಿ! ಏನನ್ನೂ ಓದಬೇಡಿ! ಒಂದು ಕ್ಷಣದ ನಿಷ್ಕಾಳಜಿ ಒಂದು ಜೀವಕ್ಕೆ ಮುಳುವಾಗಬಹುದು! ಹೀಗೆ ನಿಷ್ಕಾಳಜಿಯಿಂದ ವಾಹನ ನಡೆಸುವವರಿಗೆ ಕಾನೂನಿನ ಪ್ರಕಾರ... ಯವ್ವಾ! ಎಮ್ಮಿ! ಎಮ್ಮಿ! ಎಮ್ಮಿ!"

ಧಡ್ ಅಂತ ಒಂದು ಶಬ್ದ. ನಮ್ಮ ಕೈಯ ಚಹಾ ಕೈಯಲ್ಲೇ ಉಳಿಯಿತು.

ಆಟೋ ಮಗುಚಿತ್ತು. ಮೈಕು ಮಾತ್ರ ಚಾಲೂ ಇತ್ತು. ಮೊದಲು ಎಮ್ಮೆಯ ಒಡತಿಯ ದನಿ ಕೇಳಿತು. ದನ ಕಟ್ಟಿ ಬಾಳುವೆ ಮಾಡುವ ಹೆಣ್ಣುಮಗಳು. ಆ ಒಂದು ಎಮ್ಮೆಯ ಹಾಲಿನ ಮೇಲೇ ಅವಳ ಮನೆ ನಡೆಯುತ್ತಿತ್ತು.

"ಕಣ್ಣು ಎಲ್ಲಿ ಇಟ್ಟಿದ್ಯೋ ನಿನ್ನ ಬಾಯಾಗ ಮಣ್ಣು ಹಾಕ್ಲಿ! ಗಬ್ಬದ ಎಮ್ಮಿ ಅದು! ಏನರೆ ಆಯ್ತಂದ್ರ ನಿನ್ನ ಬಿಡೋದಿಲ್ಲ ನೋಡು!"

ಆಮೇಲೆ ಆಟೋದವನ ಮೆತ್ತಗಿನ ದನಿ, ಕಿಲ್ಲೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಸ್ಪಷ್ಟವಾಗಿ: "ಅಕ್ಕಾ, ಕಾಲಿಗಿ ಬೀಳ್ತೀನಿ. ತಪ್ಪು ನಂದೇ. ಕಾಗದ ಓದಾಕತ್ತಿದ್ದೆ, ಮುಂದಿಂದು ಕಾಣಸ್ಲಿಲ್ಲ. ಖರೆ, ಪೊಲೀಸರಿಗಿ ಮಾತ್ರ ಹೇಳಬ್ಯಾಡ!"

ಪೊಲೀಸ್ ಠಾಣೆಯವರು ಎದ್ದು ಬರಲು ಅಷ್ಟೇ ಸಾಕಾಯಿತು.

ಎಮ್ಮೆಗೆ ತೊಡೆಯಲ್ಲಿ ಗಾಯವಾಗಿತ್ತು. ದನದ ಡಾಕ್ಟರು ಬಂದು ಹೊಲಿಗೆ ಹಾಕಿದರು. ಆಟೋದವನು ಕಾಲು ಕುಂಟುತ್ತಲೇ ದಿನಾಲು ಹಿಂಡಿ ಹೊತ್ತುಕೊಂಡು ಹೋಗಿ ಅದರ ಆರೈಕೆ ಮಾಡಿದ. ಎಮ್ಮೆ ಬದುಕಿತು, ಕರುವೂ ಸುಖವಾಗಿ ಹುಟ್ಟಿತು. ಆದರೆ ಕೇಸು ಕೇಸೇ. ನಮ್ಮ ಕೆಲಸಕ್ಕೆ ಹೋಗಿ ಸಿಕ್ಕಿಬಿದ್ದವನು, ಅವನ ಪರವಾಗಿ ನಿಲ್ಲುವುದು ನನ್ನ ಪಾಲಿಗೆ ಬಂತು.

ಆಗ ಮ್ಯಾಜಿಸ್ಟ್ರೇಟರಾಗಿದ್ದವರು ಒಬ್ಬ ಮೇಡಂ, ನಗುವುದು ಕಡಿಮೆ. ನಾನು ಎದ್ದು ನಿಂತು, "ಇವ ಬಡವ, ಓದಿದ್ದು ಕಡಿಮೆ. ಓಡಿಸ್ತಾ ಓದೋದು ಅಪರಾಧ ಅಂತ ಇವನಿಗೆ ತಿಳಿದಿರಲಿಲ್ಲ" ಅನ್ನಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ. ಊರಿಗೆಲ್ಲ ಅದನ್ನು ಸಾರಿದವನೇ ಅವನು!

ಮೇಡಂ ಅವನನ್ನೇ ಕೇಳಿದರು. "ನಾನೂ ಅವತ್ತು ಚೇಂಬರಿನಲ್ಲಿ ಕೂತು ಕೇಳ್ತಿದ್ದೆ. 'ನಿಷ್ಕಾಳಜಿಯಿಂದ ವಾಹನ ನಡೆಸುವವರಿಗೆ ಕಾನೂನಿನ ಪ್ರಕಾರ' ಅಂತ ಹೇಳಿ ನಿಲ್ಲಿಸಿಬಿಟ್ಟೆ. ಮುಂದೆ ಏನಿತ್ತು?"

ಆಟೋದವನು ತಲೆ ಕೆರೆದುಕೊಂಡು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಮುಂದಿಂದು ಓದೋದ್ರಾಗ ಎಮ್ಮಿ ಬಂತ್ರಿ ಮೇಡಂ ಸಾಹೇಬ್ರ."

ಮೇಡಂ ಕನ್ನಡಕ ಸರಿಮಾಡಿಕೊಂಡು ಎದುರಿನ ತೀರ್ಪಿನ ಕಾಗದ ಎತ್ತಿಕೊಂಡರು. "ಇರಲಿ" ಅಂದರು, "ಮುಂದಿನದು ನಾನೇ ಓದ್ತೀನಿ."